ಹನ್ನೊಂದನೆಯ ಸೈಕಲ್ಲು

ಶನಿವಾರ ಲಾಂಡ್ರಿಯ ಶಟರ್ ಎಳೆದ ಮೇಲೆ ಸೋಮವಾರ ಕ್ಲಾಸಿಗೆ ಹೋಗುವವರೆಗೆ ನನ್ನ ಬಾಯಿಗೆ ರಜೆ. ಮಾತಿಗೆ ಹೇಳುತ್ತಿಲ್ಲ, ನಿಜ. ಒಂದು ಭಾನುವಾರ ಸಂಜೆ ಅಂಗಡಿಯಲ್ಲಿ ಬ್ರೆಡ್ಡು ಕೇಳಲು ಬಾಯಿ ತೆರೆದರೆ ಗಂಟಲಿನಿಂದ ತುಕ್ಕು ಹಿಡಿದ ಬಾಗಿಲಿನ ಸದ್ದು ಬಂತು. ಅಂಗಡಿಯವನು "ನೆಗಡಿನಾ?" ಎಂದ. ಹೂಂ ಎಂದು ತಲೆಯಾಡಿಸಿದೆ. ನಿನ್ನೆಯಿಂದ ಯಾರ ಹತ್ತಿರವೂ ಮಾತಾಡಿಲ್ಲ ಸ್ವಾಮಿ, ಅದಕ್ಕೇ ಹೀಗೆ ಎಂದು ಬ್ರೆಡ್ಡಿನವನ ಮುಂದೆ ಹೇಳಿಕೊಳ್ಳುವಷ್ಟು ಮಾನ ಬಿಟ್ಟಿರಲಿಲ್ಲ.

ನಾನಿದ್ದದ್ದು ಲಾಂಡ್ರಿಯ ಮೇಲಿನ ಕೋಣೆಯಲ್ಲಿ. ಕೆಳಗೆ ಬಟ್ಟೆ ಒಣಗಿಸುವ ಯಂತ್ರಗಳು ತಿರುಗುವಾಗ ನನ್ನ ನೆಲ ಬೆಚ್ಚಗಾಗುತ್ತಿತ್ತು. ಚಳಿಗಾಲದಲ್ಲಿ ಅದು ಸುಖ, ಬೇಸಿಗೆಯಲ್ಲಿ ಕಾವಲಿಯ ಮೇಲಿನ ಸಂಸಾರ. ಬಾಡಿಗೆ ಕಡಿಮೆ ಮಾಡಿದ್ದಕ್ಕೆ ಬದಲಾಗಿ ಸಂಜೆ ಹೊತ್ತು ಯಜಮಾನಿಗೆ ಕೈ ನೆರವಾಗಬೇಕಿತ್ತು. ಬಂದ ಬಟ್ಟೆಗೆಲ್ಲ ನಂಬರಿನ ಚೀಟಿ ಪಿನ್ನು ಮಾಡುವುದು ನನ್ನ ಕೆಲಸ. ಅಂಗಿಯಾದರೆ ಕಾಲರಿಗೆ, ಪ್ಯಾಂಟಾದರೆ ಸೊಂಟಪಟ್ಟಿಗೆ. ಚೀಟಿ ಇಲ್ಲದೆ ಯಂತ್ರದೊಳಗೆ ಹೋದ ಬಟ್ಟೆ ಹೊರಗೆ ಬಂದ ಮೇಲೆ ಯಾರದೂ ಅಲ್ಲ ಎಂದು ಯಜಮಾನಿ ಮೊದಲ ದಿನವೇ ಹೇಳಿಕೊಟ್ಟಿದ್ದರು. ಅಂಥವಕ್ಕೆ ಮೂಲೆಯಲ್ಲೊಂದು ಬುಟ್ಟಿ ಇತ್ತು, ಮತ್ತು ಆ ಬುಟ್ಟಿ ಯಾವಾಗ ನೋಡಿದರೂ ತುಂಬಿರುತ್ತಿತ್ತು.

ಹಗಲು ಲ್ಯಾಬ್ ಟೆಕ್ನಿಷಿಯನ್ ಕೋರ್ಸು. ಅಲ್ಲಿ ಎಲ್ಲರೂ ಒಂದು ಕಣ್ಣು ಕಿರಿದು ಮಾಡಿಕೊಂಡು ಮೈಕ್ರೋಸ್ಕೋಪಿನೊಳಗೆ ಇಣುಕುತ್ತಾರೆ, ಗಂಟೆ ಹೊಡೆದರೆ ಬಸ್ಸು ಹಿಡಿಯಲು ಓಡುತ್ತಾರೆ. ನನ್ನ ಪಕ್ಕ ಕೂರುವವಳ ರಕ್ತದ ಗುಂಪು ನನಗೆ ಗೊತ್ತು. ಅವಳಿಗೆ ಅಣ್ಣ ತಮ್ಮಂದಿರು ಇದ್ದಾರೋ ಇಲ್ಲವೋ ಗೊತ್ತಿಲ್ಲ.

ಹೀಗಿರುವಾಗ ಆ ಸೈಕಲ್ಲಿನವರು ನನ್ನ ಕಣ್ಣಿಗೆ ಬಿದ್ದರು. ಪ್ರತಿ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಎದುರಿನ ಬ್ಯಾಂಕಿನ ಮೆಟ್ಟಿಲ ಬಳಿ ಸೇರುತ್ತಿದ್ದರು. ಬಾಗಿದ ಕೊಂಬಿನಂಥ ಹ್ಯಾಂಡಲ್ಲು, ಬೆರಳಿನಷ್ಟು ಸಪೂರ ಟಯರು, ಮೈಗಂಟಿದ ಬಣ್ಣಬಣ್ಣದ ಬಟ್ಟೆ. ನೋಡಿದರೆ ನಗು ಬರುವ ವೇಷ. ನಾನು ಹಲ್ಲುಜ್ಜುತ್ತಾ ಕಿಟಕಿಯಲ್ಲಿ ನಿಂತು ನಗುತ್ತಲೂ ಇದ್ದೆ, ಮೊದಮೊದಲು.

ಆಮೇಲೆ ಅವರ ಎಣಿಕೆ ಕೇಳಿಸಿತು. ಹೊರಡುವ ಮೊದಲು ಎಲ್ಲರೂ ಒಂದು ಸಾಲಿನಲ್ಲಿ ನಿಂತು, ಮುಂದಿನವರಿಂದ ಹಿಂದಿನವರೆಗೆ ತಮ್ಮ ತಮ್ಮ ನಂಬರು ತಾವೇ ಕೂಗುತ್ತಿದ್ದರು. ಒಂದು! ಎರಡು! ಮೂರು! ಕೊನೆಗೆ ಒಬ್ಬ ದಪ್ಪ ಮೀಸೆಯ ಅಂಕಲ್ಲು "ಹತ್ತು, ಬಾಲ!" ಎಂದು ಗುಡುಗಿದರೆ ಸಾಲು ಹೊರಟಿತು ಎಂದು ಲೆಕ್ಕ. ಬಾಲದವರ ಕೆಲಸ ಎಲ್ಲರಿಗಿಂತ ಹಿಂದೆ ಇದ್ದು ಯಾರನ್ನೂ ದಾರಿಯಲ್ಲಿ ಬಿಡದೆ ತರುವುದು. ದಾರಿ ಮಧ್ಯದಲ್ಲೂ, ವಾಪಸ್ ಬಂದ ಮೇಲೂ ಅದೇ ಎಣಿಕೆ. ಹತ್ತು ಹೋದರೆ ಹತ್ತು ಬರಬೇಕು.

ನಾನು ಮೇಲಿನಿಂದ, ಬಾಯಲ್ಲಿ ನೊರೆ ಇಟ್ಟುಕೊಂಡು, ಮನಸ್ಸಿನಲ್ಲೇ "ಹನ್ನೊಂದು" ಅನ್ನಲು ಶುರು ಮಾಡಿದೆ. ತಮಾಷೆಗೆ ಶುರುವಾದದ್ದು ಚಟವಾಯಿತು. ಕೊನೆಗೆ ಆ ಒಂದು ಮಾತನ್ನು ನಿಜವಾಗಿ ಕೂಗಬೇಕು, ಒಬ್ಬರು ನನ್ನ ಮುಂದಿನ ಅಂಕಿ, ಇನ್ನೊಬ್ಬರು ನನ್ನ ಹಿಂದಿನ ಅಂಕಿ ಹೇಳಬೇಕು ಅನ್ನುವುದು ಬಿಟ್ಟರೆ ನನಗೆ ಬೇರೆ ಆಸೆಯೇ ಇರಲಿಲ್ಲ. ಕೆಲಸ ಬೇಕು, ಮದುವೆ ಬೇಕು ಅನ್ನುವವರ ನಡುವೆ ನನ್ನದು ಇದು.

ಒಂದು ಭಾನುವಾರ ಕಸ ಹಾಕುವ ನೆಪದಲ್ಲಿ ಕೆಳಗಿಳಿದೆ. ಗುಂಪಿನ ಮುಂದಾಳು ಹಳದಿ ಹೆಲ್ಮೆಟ್ಟಿನ ಹೆಂಗಸು. ಅವರ ಮುಂದೆ ನಿಂತು, ಕೈಯಲ್ಲಿ ಕಸದ ಚೀಲ ಹಿಡಿದುಕೊಂಡೇ, "ನಾನೂ ಸೇರ್ಕೋಬಹುದಾ?" ಎಂದೆ.

ಅವರು ಚೀಲವನ್ನೂ ನನ್ನನ್ನೂ ಒಮ್ಮೆ ನೋಡಿದರು. "ಸೈಕಲ್ ಇದ್ಯಾ?"

"ತಗೋತೀನಿ."

"ತಗೊಳ್ಳೋದಾದ್ರೆ ರೋಡ್ ಬೈಕೇ ತಗೋ. ದಪ್ಪ ಟಯರಿಂದು ತಂದ್ರೆ ನಮ್ಮ ಜೊತೆ ಬರೋಕೆ ಆಗಲ್ಲ. ನೀನು ಏದುಸಿರು ಬಿಡ್ತಾ ಇರ್ತೀಯ, ನಾವು ಕಾಯ್ತಾ ಇರ್ತೀವಿ. ಯಾರಿಗೂ ಸುಖ ಇಲ್ಲ."

ಮಾತು ಒರಟು, ಆದರೆ ಬೇಡ ಅನ್ನಲಿಲ್ಲ. ಕಸ ಹಾಕುವುದನ್ನೇ ಮರೆತು ಚೀಲದ ಸಮೇತ ಮೇಲೆ ಬಂದೆ.

ಅಕ್ಕನಿಗೆ ಫೋನು ಮಾಡಿದೆ. ಅವಳು ಮದುವೆಯಾಗಿ ದೂರದ ಊರಿನಲ್ಲಿದ್ದಾಳೆ, ಸೊಂಟದ ಮೇಲೆ ಮಗು. ಫೋನು ಎತ್ತಿದರೆ ಅರ್ಧ ಮಾತು ನನಗೆ, ಅರ್ಧ ಮಗುವಿಗೆ.

"ಬೈಕ್ ತಗೋತೀಯಾ? ಲೈಸೆನ್ಸ್ ಎಲ್ಲೇ ನಿಂಗೆ?"

"ಆ ಬೈಕ್ ಅಲ್ಲ ಅಕ್ಕ. ಸೈಕಲ್ಲು. ರೋಡ್ ಬೈಕ್ ಅಂತಾರೆ."

"ರೋಡಲ್ಲಿ ಓಡಿಸ್ದೆ ಬೇರೆ ಸೈಕಲ್ ಏನು ಅಡುಗೆಮನೇಲಿ ಓಡಿಸ್ತಾರಾ? ಏಯ್, ಬಾಯಿಂದ ತೆಗಿ ಅದನ್ನ! ನಿಂಗಲ್ಲ ಕಣೇ, ಇವನಿಗೆ. ಸರಿ, ತಗೋ. ಜೋಪಾನ."

ಅಲ್ಲಿಗೆ ಸಮಾಲೋಚನೆ ಮುಗಿಯಿತು. ಉಳಿದದ್ದೆಲ್ಲ ನಾನೇ ಮಧ್ಯಾಹ್ನದ ಬಿಡುವಿನಲ್ಲಿ ಮೊಬೈಲ್ ನೋಡಿ ಕಲಿಯಬೇಕಾಯಿತು. ಹೊಸ ರೋಡ್ ಬೈಕಿನ ಬೆಲೆ ನೋಡಿ ಮೊಬೈಲನ್ನು ಮಗುಚಿಟ್ಟೆ. ಆ ದುಡ್ಡಿಗೆ ನನ್ನ ಕೋರ್ಸನ್ನೇ ಇನ್ನೊಂದು ಸಲ ಓದಬಹುದಿತ್ತು. ಹಾಗಾಗಿ ಸೆಕೆಂಡ್ ಹ್ಯಾಂಡು. ವಿಡಿಯೋದಲ್ಲಿ ಮಾತಾಡುವವರು ಒಬ್ಬೊಬ್ಬರು ಒಂದೊಂದು ಹೇಳಿದರೂ ಒಂದು ವಿಷಯದಲ್ಲಿ ಎಲ್ಲರದೂ ಒಂದೇ ರಾಗ: ಬಣ್ಣ ನೋಡಬೇಡಿ, ಗೇರು ಎಷ್ಟಿದೆ ಅಂತ ಮರುಳಾಗಬೇಡಿ, ಮೊದಲು ಫ್ರೇಮು ನಿಮ್ಮ ಅಳತೆಯದೋ ನೋಡಿ. ಬರಿಗಾಲಲ್ಲಿ ಗೋಡೆಗೆ ಆತು ನಿಂತು, ಕಾಲುಗಳ ನಡುವೆ ಪುಸ್ತಕವೊಂದನ್ನು ಮೇಲಕ್ಕೆ ಒತ್ತಿ ಹಿಡಿದು, ಅದರ ಅಂಚಿನಿಂದ ನೆಲದವರೆಗೆ ಅಳೆಯಬೇಕು. ಅಳೆಯಲು ಇನ್ನೊಬ್ಬರ ಸಹಾಯ ಪಡೆಯಿರಿ.

ಇನ್ನೊಬ್ಬರು. ಎಷ್ಟು ಸುಲಭವಾಗಿ ಹೇಳಿಬಿಟ್ಟ ಪುಣ್ಯಾತ್ಮ! ಪ್ರತಿಯೊಬ್ಬರ ಮನೆಯಲ್ಲೂ ಬಾಗಿಲ ಹಿಂದೆ ಇನ್ನೊಬ್ಬರನ್ನು ಮೊಳೆಗೆ ನೇತುಹಾಕಿರುತ್ತಾರೆ ಅನ್ನುವ ಹಾಗೆ. ಯಜಮಾನಿಯನ್ನು ಕರೆಯಬಹುದಿತ್ತು. ಆದರೆ ಅವರಿಗೂ ನನಗೂ ಚೀಟಿ, ಪಿನ್ನು, ಬುಟ್ಟಿ ಬಿಟ್ಟು ಮಾತಿರಲಿಲ್ಲ. ಅಂಥವರ ಮುಂದೆ ಕಾಲ ನಡುವೆ ಪುಸ್ತಕ ಸಿಕ್ಕಿಸಿಕೊಂಡು ನಿಲ್ಲುವುದು ಹೇಗೆ? ಒಬ್ಬಳೇ ಅಳೆದೆ. ರಕ್ತಶಾಸ್ತ್ರದ ದಪ್ಪ ಪುಸ್ತಕ, ಯಜಮಾನಿಯ ಹಳೆಯ ಟೇಪು. ಅಂಕಿ ನೋಡಲು ಬಗ್ಗಿದರೆ ಪುಸ್ತಕ ಜಾರುತ್ತಿತ್ತು, ಪುಸ್ತಕ ಸರಿಮಾಡಿದರೆ ಟೇಪು ಓರೆಯಾಗುತ್ತಿತ್ತು. ಒಂದೊಂದು ಸಲ ಒಂದೊಂದು ಅಳತೆ ಬಂತು. ಅವುಗಳಲ್ಲಿ ದೊಡ್ಡದನ್ನು ಆರಿಸಿಕೊಂಡೆ.

ದೊಡ್ಡದನ್ನೇ ಯಾಕೆ ಅಂದರೆ ನಮ್ಮ ಮನೆಯ ರೀತಿಯೇ ಹಾಗೆ. ಅಮ್ಮ ಏನು ಕೊಂಡರೂ ಒಂದು ಅಳತೆ ದೊಡ್ಡದು ಕೊಳ್ಳುತ್ತಿದ್ದಳು. "ಬೆಳೀತಾರೆ, ಇರ್ಲಿ." ಅದನ್ನು ಮೊದಲು ಅಕ್ಕ ಹಾಕಿ, ಅವಳು ಬೆಳೆದು, ಆಮೇಲೆ ನನಗೆ ಬರುತ್ತಿತ್ತು. ಶೂ ತುದಿಗೆ ಹತ್ತಿ ತುರುಕಿ, ಲಂಗದ ಅಂಚು ಮಡಿಸಿ ಹೊಲಿದು ಶಾಲೆಗೆ ಹೋದವಳು ನಾನು. ಮಡಿಸಿದ ಅಂಚು ಬಿಚ್ಚುವ ಕಾಲ ಬರಲೇ ಇಲ್ಲ. ಅಕ್ಕ ಆಳೆತ್ತರ ಬೆಳೆದಳು, ನಾನು ಅವಳ ಭುಜಕ್ಕೆ ಬಂದು ಅಲ್ಲೇ ನಿಂತುಬಿಟ್ಟೆ. ಸೈಕಲ್ಲು ಕಲಿತದ್ದೂ ಅವಳದರಲ್ಲೇ. ಮೊದಲು ಒಳಪೆಡಲು, ಕಾಲನ್ನು ಫ್ರೇಮಿನ ಸಂದಿಯಿಂದ ತೂರಿಸಿ ಏಡಿಯ ಹಾಗೆ ಓಡಿಸುವುದು. ಆಮೇಲೆ ಸೀಟು ಹತ್ತಿದರೂ ಕಾಲು ನೆಲಕ್ಕೆ ಸಿಗುತ್ತಿರಲಿಲ್ಲ. ನಿಲ್ಲಿಸಬೇಕಾದರೆ ಕಲ್ಲೋ ಕಟ್ಟೆಯೋ ಹುಡುಕಿಕೊಂಡು ಹೋಗಬೇಕಿತ್ತು.

ಹಳೆಯ ಸೈಕಲ್ಲುಗಳ ಅಂಗಡಿ ಬಸ್ ಡಿಪೋದ ಹಿಂದಿನ ಓಣಿಯಲ್ಲಿತ್ತು. ಮಾಡಿನಿಂದ ಚಕ್ರಗಳು ನೇತಾಡುತ್ತಿದ್ದವು, ನೆಲದ ತುಂಬ ಚೈನಿನ ಎಣ್ಣೆ. ಅಂಗಡಿಯವನ ಬಾಯಲ್ಲಿ ಗ್ಯಾರಂಟಿ ಅನ್ನುವ ಮಾತಿಲ್ಲದೆ ವಾಕ್ಯ ಮುಗಿಯುತ್ತಿರಲಿಲ್ಲ. "ಬ್ರೇಕು ಗ್ಯಾರಂಟಿ, ರಿಮ್ಮು ಗ್ಯಾರಂಟಿ, ನಿಮ್ಗೆ ಒಪ್ಪೋದು ಗ್ಯಾರಂಟಿ." ಹಾಗಾದರೆ ಬರೆದುಕೊಡಿ ಎಂದರೆ, "ಸೆಕೆಂಡ್ ಹ್ಯಾಂಡಿಗೆ ಯಾರಮ್ಮ ಗ್ಯಾರಂಟಿ ಕೊಡ್ತಾರೆ?" ಎಂದು ನನ್ನನ್ನೇ ಬೈದ. ಅವನಿಗೆ ನಾನಿಟ್ಟ ಹೆಸರು ಏನೆಂದು ಬೇರೆ ಹೇಳಬೇಕಿಲ್ಲ.

ನನ್ನ ಕೈಗೆಟುಕುವ ರೋಡ್ ಬೈಕುಗಳು ಅಲ್ಲಿದ್ದದ್ದು ಎರಡೇ. ಒಂದು ಕಡುನೀಲಿ. ಎತ್ತರದ್ದು, ಒಂದು ಗೀರೂ ಇಲ್ಲ, ಹ್ಯಾಂಡಲ್ಲಿಗೆ ಹೊಸ ಪಟ್ಟಿ ಸುತ್ತಿತ್ತು. ಇನ್ನೊಂದು ಅದರ ಪಕ್ಕ ಕುಬ್ಜವಾಗಿ ನಿಂತಿತ್ತು. ಅವಧಿ ಮುಗಿದ ಕೆಮ್ಮಿನ ಔಷಧಿಯ ಬಣ್ಣ, ಅಲ್ಲಲ್ಲಿ ಚಕ್ಕೆ ಎದ್ದಿತ್ತು, ಬ್ರೇಕು ಒತ್ತಿದರೆ ಬೆಕ್ಕಿನ ಬಾಲ ತುಳಿದಂತೆ ಕಿರುಚುತ್ತಿತ್ತು.

ಮೊದಲು ಔಷಧಿ ಬಣ್ಣದ್ದರ ಮೇಲೆ ಕಾಲು ಹಾಕಿ ನಿಂತೆ. ಎರಡು ಪಾದಗಳೂ ಪೂರ್ತಿ ನೆಲಕ್ಕೆ ಊರಿದವು, ಹಿಮ್ಮಡಿ ಸಮೇತ. ಕೈ ಚಾಚಿದರೆ ಹ್ಯಾಂಡಲ್ಲು ಅಲ್ಲೇ ಸಿಕ್ಕಿತು. ನನಗೆ ಮುಜುಗರವಾಯಿತು. ನೆಲ ಇಷ್ಟು ಹತ್ತಿರ ಇರುವುದು ಎಂಥ ಸೈಕಲ್ಲು? "ಇದು ಮಕ್ಕಳದ್ದಾ?" ಎಂದೆ.

ನೀಲಿಯ ಮೇಲೆ ನಿಂತಾಗ ತುದಿಗಾಲು ಮಾತ್ರ ನೆಲ ಮುಟ್ಟಿತು. ಹ್ಯಾಂಡಲ್ಲಿಗೆ ಅಟ್ಟದ ಮೇಲಿನ ಡಬ್ಬಿಗೆ ಕೈ ಚಾಚಿದ ಹಾಗೆ ಚಾಚಬೇಕಾಯಿತು. ಆದರೆ ಎಷ್ಟು ಪರಿಚಿತ ಅನ್ನಿಸಿತು ಅಂದರೆ, ಎದೆ ಒಮ್ಮೆ ಹಗುರವಾಯಿತು. ಸೈಕಲ್ಲು ಅಂದರೆ ಇದು! ನನ್ನ ಅಳತೆ ಎಂದು, ಮನೆಯಲ್ಲಿ ಆರಿಸಿಕೊಂಡಿದ್ದ ಆ ದೊಡ್ಡ ಅಂಕಿಯನ್ನೂ ಹೇಳಿದೆ. ಗ್ಯಾರಂಟಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅವನ ಮನಸ್ಸಿನಲ್ಲಿ ಏನು ಓಡಿತೋ, ಆ ನೀಲಿ ಎಷ್ಟು ದಿನದಿಂದ ಧೂಳು ತಿನ್ನುತ್ತಿತ್ತೋ.

"ಸೀಟು ಇಳಿಸಿದ್ರೆ ಆಯ್ತು ಬಿಡಮ್ಮ. ಗ್ಯಾರಂಟಿ."

ಸೀಟನ್ನು ತಳ ಮುಟ್ಟುವವರೆಗೆ ಇಳಿಸಿಕೊಟ್ಟ. ನಾನು ನೀಲಿ ಸೈಕಲ್ಲನ್ನು ತಳ್ಳಿಕೊಂಡು, ಅಂಗಡಿಗಳ ಗಾಜಿನಲ್ಲೆಲ್ಲ ಅದರ ನೆರಳು ನೋಡಿಕೊಂಡು ಮನೆಗೆ ಬಂದೆ.

ಭಾನುವಾರ ಬಂತು. ಹಳದಿ ಹೆಲ್ಮೆಟ್ಟು ನನ್ನ ಸೈಕಲ್ಲು ನೋಡಿ ಹುಬ್ಬೇರಿಸಿ, "ಓ, ತಗೊಂಡೇ ಬಿಟ್ಯಾ? ಒಳ್ಳೇದು. ಹೊಸಬರು ಹಿಂದೆ, ಬಾಲದ ಮುಂದೆ ನಿಂತ್ಕೋ," ಎಂದು ತಮ್ಮ ಜಾಗಕ್ಕೆ ಹೋದರು. ಇಷ್ಟು ದಿನ ಮೇಲಿನಿಂದ ನೋಡಿದ ತಲೆಗಳಿಗೆಲ್ಲ ಈಗ ಮುಖಗಳಿದ್ದವು. ನನ್ನ ಮುಂದೆ ಒಬ್ಬ ಉದ್ದ ಕುತ್ತಿಗೆಯ ಮನುಷ್ಯ, ಹಿಂದೆ ಮೀಸೆ ಅಂಕಲ್ಲು. ಇಬ್ಬರೂ ನನ್ನ ತಲೆಯ ಮೇಲಿಂದಲೇ ಯಾವುದೋ ಮನೆ ಕಟ್ಟಿಸುವ ವಿಚಾರ ಮಾತಾಡುತ್ತಿದ್ದರು, ಸಿಮೆಂಟು, ಮರಳು, ಮೇಸ್ತ್ರಿ ಕೈಕೊಟ್ಟದ್ದು.

ಎಣಿಕೆ ಶುರುವಾಯಿತು. ಒಂದು! ಎರಡು! ಅಂಕಿಗಳು ನನ್ನ ಕಡೆಗೆ ಬರುತ್ತಿದ್ದ ಹಾಗೆ ಹತ್ತು, ಹತ್ತು ಎಂದು ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡೆ. ಎಂಟು! ಉದ್ದ ಕುತ್ತಿಗೆಯವರು "ಒಂಬತ್ತು!" ಎಂದರು. ನಾನು ಬಾಯಿ ತೆರೆದೆ.

ಬರೀ ಗಾಳಿ ಬಂತು. ನಿನ್ನೆಯಿಂದ ಒಂದು ಮಾತೂ ಆಡದ ಗಂಟಲು, ಬ್ರೆಡ್ಡಿನ ಅಂಗಡಿಯಲ್ಲಿ ಮಾಡಿದ ಹಾಗೇ ಮಾಡಿತು. ಹತ್ತು ಎಂದು ನನ್ನ ತುಟಿ ಹೇಳಿತು, ನನಗೇ ಕೇಳಿಸಲಿಲ್ಲ. ಅಂಕಲ್ಲು ಬಗ್ಗಿ ಕೈಗವಸು ಎಳೆದುಕೊಳ್ಳುತ್ತಿದ್ದವರು, ಕಿವಿಗೆ ಬಿದ್ದ ಒಂಬತ್ತರ ಮೇಲೆ, ಎಲ್ಲ ಭಾನುವಾರದ ಅಭ್ಯಾಸದಂತೆ, "ಹತ್ತು, ಬಾಲ!" ಎಂದು ಗುಡುಗಿದರು. ಎಲ್ಲ ವಾರದಂತೆ ಈ ವಾರವೂ ಹತ್ತು. ಯಾರಿಗೂ ಏನೂ ಅನ್ನಿಸಲಿಲ್ಲ. ಇರಿ, ಹನ್ನೊಂದು ಆಗಬೇಕು ಎಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮುಂದಿನ ಚಕ್ರಗಳು ಉರುಳಿದ್ದವು. ಹೋಗಲಿ ಬಿಡು, ವಾಪಸ್ ಬಂದ ಮೇಲೆ ಇನ್ನೊಂದು ಎಣಿಕೆ ಇದೆಯಲ್ಲ ಎಂದುಕೊಂಡೆ.

ಮೊದಲಿನ ದಾರಿ ಚೆನ್ನಾಗಿತ್ತು. ಮುಂದಿನವರು ಗುಂಡಿ ಕಂಡರೆ ಕೈ ಕೆಳಗೆ ಮಾಡಿ ತೋರಿಸುತ್ತಿದ್ದರು, ಅವರ ಹಿಂದಿನವರು, ಅವರ ಹಿಂದಿನವರು, ಹಾಗೇ ಆ ಕೈ ಸಾಲಿನುದ್ದಕ್ಕೂ ಬಂದು ನನಗೆ ತಲುಪುತ್ತಿತ್ತು. ನನಗೋಸ್ಕರ ಒಬ್ಬರು ಗುಂಡಿ ತೋರಿಸಿದರು ಅನ್ನುವುದಕ್ಕೇ ಕಣ್ಣು ಮಂಜಾಯಿತು. ಸಣ್ಣ ವಿಷಯಕ್ಕೆ ಅಳುವವಳಲ್ಲ ನಾನು, ಗಾಳಿಗೆ ಇರಬೇಕು ಎಂದುಕೊಂಡೆ.

ಆಮೇಲೆ ನೀಲಿ ತನ್ನ ಬುದ್ಧಿ ತೋರಿಸಿತು. ಸೀಟು ಎಷ್ಟು ಇಳಿಸಿದರೇನು, ಫ್ರೇಮಿನ ಉದ್ದ ಇಳಿಯುತ್ತದೆಯೇ? ಚಾಚಿದ ಕೈ ಚಾಚಿದ ಹಾಗೇ. ಮೊದಲು ಕುತ್ತಿಗೆ ಹಿಡಿಯಿತು, ಆಮೇಲೆ ಭುಜ, ಕೊನೆಗೆ ಬೆರಳುಗಳು ಮರಗಟ್ಟಿ ಬ್ರೇಕು ಎಲ್ಲಿದೆ ಎಂದೇ ತಿಳಿಯದಾಯಿತು. ದೊಡ್ಡ ಸಿಗ್ನಲ್ಲು ದಾಟುವಾಗ, ಮಾತಿಗೆಂದು ನನ್ನ ಹಿಂದೆ ಸರಿದಿದ್ದ ಉದ್ದ ಕುತ್ತಿಗೆಯವರೂ ಅಂಕಲ್ಲೂ ಕೆಂಪು ದೀಪಕ್ಕೆ ಸಿಕ್ಕಿ ಹಿಂದೆ ಉಳಿದರು. ನನಗೆ ಅದೇ ಬೇಕಿತ್ತು. ನಾನು ಹೀಗೆ ಕೈ ಕೊಡವಿಕೊಂಡು ಒದ್ದಾಡುವುದನ್ನು ಮೊದಲ ದಿನವೇ ಯಾರೂ ನೋಡುವುದು ಬೇಡ ಎಂದು, ರಸ್ತೆ ಬದಿ ನಿಂತಿದ್ದ ಲಾರಿಯೊಂದರ ಮರೆಗೆ ಹೋಗಿ ಇಳಿದೆ. ಕಲ್ಲು ಹುಡುಕಿ, ಕಾಲೂರಿ, ಇಳಿದೆ. ಬೆರಳುಗಳನ್ನು ಬಾಯಿಯ ಬಳಿ ಹಿಡಿದು ಊದುತ್ತಾ ನಿಂತಿದ್ದಾಗ ಲಾರಿಯ ಆ ಕಡೆಯಿಂದ ಅವರಿಬ್ಬರ ದನಿ ಹಾದುಹೋಯಿತು. ಸಿಮೆಂಟು, ಮರಳು, ಮೇಸ್ತ್ರಿ.

ಮತ್ತೆ ಹತ್ತಿ ತುಳಿದೆ. ಮುಂದೆ ನದಿ, ನದಿಗೊಂದು ಎತ್ತರದ ಸೇತುವೆ. ಏರಿನ ಬುಡಕ್ಕೆ ಬಂದಾಗ ಮೇಲೆ ಅವರೆಲ್ಲ ಕಟಕಟೆಗೆ ಸೈಕಲ್ಲು ಆನಿಸಿ ನಿಂತಿರುವುದು ಕಂಡಿತು. ಸಣ್ಣ ಸಣ್ಣ ಬಣ್ಣದ ಚುಕ್ಕೆಗಳು. ಅಬ್ಬ, ಕಾಯುತ್ತಿದ್ದಾರೆ ಎಂದು ಜೀವ ಬಂತು. ಅಷ್ಟರಲ್ಲಿ ಎಣಿಕೆ ಶುರುವಾಯಿತು. ಬೆಳಗಿನ ಹೊತ್ತು, ಕೆಳಗೆ ನೀರು, ಒಂದೊಂದು ಅಂಕಿಯೂ ಪಕ್ಕದಲ್ಲಿ ನಿಂತು ಹೇಳಿದಷ್ಟು ಸ್ಪಷ್ಟವಾಗಿ ಇಳಿದು ಬಂತು. ಏಳು. ಎಂಟು. ಒಂಬತ್ತು.

ಈಗ ನಿಲ್ಲುತ್ತದೆ, ಈಗ ಅವರಿಗೆ ಗೊತ್ತಾಗುತ್ತದೆ ಎಂದು ನಾನು ಕಿವಿಗೊಟ್ಟೆ.

"ಹತ್ತು, ಬಾಲ!"

"ಎಲ್ರೂ ಇದೀವಿ," ಅಂದಿತು ಹಳದಿ ಹೆಲ್ಮೆಟ್ಟಿನ ದನಿ. "ನಡೀರಿ."

ಚುಕ್ಕೆಗಳು ಒಂದೊಂದಾಗಿ ಸೇತುವೆಯ ಆ ಕಡೆ ಇಳಿದು ಮಾಯವಾದವು.

ಅವರು ತಪ್ಪು ಮಾಡಲಿಲ್ಲ. ಅದೇ ನನ್ನನ್ನು ಕೊಂದದ್ದು. ಬೇಕೆಂದು ಬಿಟ್ಟುಹೋಗಿದ್ದರೆ ಬೈಯಬಹುದಿತ್ತು, ಬೈಗುಳ ನನಗೆ ಚೆನ್ನಾಗಿ ಬರುತ್ತದೆ. ಹತ್ತು ಹೊರಟಿತ್ತು, ಹತ್ತು ಇತ್ತು. ನಾನು ಕಳೆದುಹೋಗಲೂ ಇಲ್ಲ, ಕಳೆದುಹೋಗಬೇಕಾದರೆ ಮೊದಲು ಲೆಕ್ಕದಲ್ಲಿರಬೇಕಲ್ಲ. ಏರಿನ ಬುಡದಲ್ಲಿ ನಿಂತು ಗಟ್ಟಿಯಾಗಿ ಅತ್ತೆ. ಆಗ ಮಾತ್ರ ಗಂಟಲು ಎಷ್ಟು ಚೆನ್ನಾಗಿ ಕೆಲಸ ಮಾಡಿತು! ಆಮೇಲೆ ನೀಲಿಯನ್ನು ತಳ್ಳಿಕೊಂಡು, ಬಂದ ದಾರಿಯನ್ನೆಲ್ಲ ನಡೆದು ವಾಪಸ್ ಬಂದೆ. ಗಾಜಿನಲ್ಲಿ ನೆರಳು ನೋಡಲಿಲ್ಲ.

ಸಂಜೆ ಅಕ್ಕನೇ ಫೋನು ಮಾಡಿದಳು. ಅವಳಿಗೆ ನೆನಪಿತ್ತು.

"ಹೆಂಗಿತ್ತೇ ನಿನ್ನ ರೋಡ್ ಬೈಕು? ಎಷ್ಟು ಜನ ಹೋಗಿದ್ರಿ?"

"ಹತ್ತು."

"ನಿನ್ನ ಸೇರ್ಸಿನಾ?"

ಸುಮ್ಮನೆ ಹೂಂ ಅನ್ನಬಹುದಿತ್ತು. ಅವಳೂ ನಂಬಿ ಮಗುವಿನ ಕಡೆ ತಿರುಗುತ್ತಿದ್ದಳು. "ಇಲ್ಲ ಅಕ್ಕ," ಎಂದೆ. "ನನ್ನ ಬಿಟ್ಟು." ಅಷ್ಟು ಹೇಳಿದ್ದೇ ಕಟ್ಟೆ ಒಡೆಯಿತು. ಗಂಟಲಿನದು, ಎಣಿಕೆಯದು, ಲಾರಿಯದು, ಸೇತುವೆಯದು ಎಲ್ಲ ಒದರಿದೆ. ಆ ಕಡೆ ಮಗು ಏನೋ ಬೀಳಿಸಿದ ಸದ್ದಾಯಿತು. ಅಕ್ಕ ಗದರಲಿಲ್ಲ.

"ಅಲ್ವೇ, ಕೈ ಯಾಕೆ ಜೋಮು ಹಿಡೀತು? ಕಾಲು ಸಿಗತ್ತಾ ನೆಲಕ್ಕೆ?"

"ತುದಿಗಾಲು ಸಿಗತ್ತೆ."

"ಅದು ನನ್ನ ಸೈಕಲ್ಲು ಕಣೇ," ಎಂದಳು. "ನಿನ್ನ ದುಡ್ಡಲ್ಲಿ ಹೋಗಿ ನನ್ನ ಸೈಕಲ್ಲನ್ನೇ ತಂದಿದ್ದೀಯಲ್ಲೇ ಪೆದ್ದಿ."

ಅಂಗಡಿಯಲ್ಲಿ ಎದೆ ಹಗುರಾದದ್ದು ಯಾಕೆ ಎಂದು ಈಗ ಗೊತ್ತಾಯಿತು, ಗೊತ್ತಾಗಿ ಇನ್ನೂ ಅಳು ಬಂತು.

"ಮತ್ತೆ ಆ ಸಾಲಲ್ಲಿ ಕೊನೇಲಿ ಯಾಕೆ ನಿಂತೆ?"

"ಹೊಸಬ್ರು ಅಲ್ಲೇ ನಿಲ್ಬೇಕಂತೆ."

"ಮಣ್ಣು. ಮುಂದಿನ ವಾರ ಎಲ್ರಿಗಿಂತ ಮೊದ್ಲು ಹೋಗಿ ಮುಂದೆ ನಿಂತ್ಕೋ. ನಾನು ಹೇಳ್ದೆ ಅಂತ ಹೇಳು." ಅವಳನ್ನು ಅಲ್ಲಿ ಯಾರಿಗೂ ಗೊತ್ತಿಲ್ಲ ಅನ್ನುವುದು ಅವಳಿಗೆ ಲೆಕ್ಕವೇ ಇಲ್ಲ. ಅಷ್ಟರಲ್ಲಿ ಮಗುವಿನ ಅಳು ತಾರಕಕ್ಕೇರಿತು, ಫೋನು ಇಟ್ಟಳು.

ಮರುದಿನ ಸಂಜೆ ಲಾಂಡ್ರಿಯಲ್ಲಿ ಟೇಪು ಹಿಡಿದುಕೊಂಡು ಯಜಮಾನಿಯ ಮುಂದೆ ನಿಂತೆ. "ಒಂಚೂರು ಅಳತೆ ತೆಗೀತೀರಾ?"

"ನಾನೇನು ಟೈಲರ್ ಅಂದ್ಕೊಂಡ್ಯಾ?" ಅವರ ಬಾಯಲ್ಲಿ ಪಿನ್ನುಗಳಿದ್ದವು. ಆದರೂ ಮಂಡಿಯೂರಿ ಕೂತರು. ನಾನು ಗೋಡೆಗೆ ಆತು, ಪುಸ್ತಕ ಸಿಕ್ಕಿಸಿಕೊಂಡು, ನೇರ ಮುಂದೆ ನೋಡುತ್ತಾ ನಿಂತೆ. ಟೇಪಿನ ತುದಿಯನ್ನು ಅವರು ನನ್ನ ಹಿಮ್ಮಡಿಯ ಪಕ್ಕದಲ್ಲಿ ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಯಾರಾದರೂ ನನ್ನನ್ನು ಮುಟ್ಟಿ ಎಷ್ಟು ಕಾಲವಾಗಿತ್ತು ಎಂದು ಆಗ ಅನ್ನಿಸಿತು. ಅವರು ಹೇಳಿದ ಅಂಕಿ ನನ್ನ ಎಲ್ಲ ಅಂಕಿಗಳಿಗಿಂತ ಚಿಕ್ಕದಾಗಿತ್ತು.

"ಇಷ್ಟೇನಾ?" ಎಂದೆ.

"ಇನ್ನೆಷ್ಟು ಬೇಕಿತ್ತು?" ಎಂದು ಮಂಡಿ ಒತ್ತಿಕೊಂಡು ಎದ್ದರು. "ಯಾವುದಕ್ಕೆ ಇದು?" ಹೇಳಿದೆ. ಹೇಳುತ್ತಾ ಹೇಳುತ್ತಾ ಅವತ್ತಿನ ಗಂಟುಗಳಿಗೆಲ್ಲ ಚೀಟಿ ಹಾಕಿ ಮುಗಿಸಿದೆವು.

ನೀಲಿ ವಾಪಸ್ ಕೊಟ್ಟು ಔಷಧಿ ಬಣ್ಣದ್ದನ್ನು ಕೊಡು ಎಂದಾಗ ಗ್ಯಾರಂಟಿಯ ಮುಖ ನೋಡಬೇಕಿತ್ತು, ನಾನೇನೋ ಅವನ ಅಂಗಡಿಯನ್ನೇ ಬರೆಸಿಕೊಳ್ಳಲು ಬಂದವಳ ಹಾಗೆ. ಒಂದು ಕೈಯಿಂದ ಇನ್ನೊಂದು ಕೈಗೆ ಬರುವಷ್ಟರಲ್ಲಿ ನೀಲಿಯ ಬೆಲೆ ಇಳಿದುಬಿಟ್ಟಿದೆ ಎಂದ. ನಾನೂ ಬಿಡಲಿಲ್ಲ, ಹೇಳಿದೆನಲ್ಲ, ಬೈಗುಳ ಬರುತ್ತದೆ. ಸರಿಗೆ ಸರಿ ಎಂದು ಕೊನೆಗೆ ಒಪ್ಪಿದ. ಕಿರುಚುವ ಬ್ರೇಕಿಗೆ ಎಣ್ಣೆ ಹಚ್ಚಿ ಕೊಡು ಎಂದೆ. "ಬ್ರೇಕಿಗೆ ಎಣ್ಣೆ ಹಚ್ಚಿದ್ರೆ ನೇರ ಸ್ವರ್ಗಕ್ಕೆ ಹೋಗೋದು ಗ್ಯಾರಂಟಿ," ಎಂದು ಗೊಣಗಿ, ಎರಡು ರಬ್ಬರು ಬದಲಾಯಿಸಿದ. ಆದರೂ ಕಿರುಚುವುದು ಪೂರ್ತಿ ನಿಲ್ಲಲಿಲ್ಲ. ಬಣ್ಣವಂತೂ ಬಿಸಿಲಿನಲ್ಲಿ ಇನ್ನೂ ಅಸಹ್ಯವಾಗಿ ಕಂಡಿತು.

ಭಾನುವಾರ ಎಲ್ಲರಿಗಿಂತ ಮೊದಲು ಬ್ಯಾಂಕಿನ ಮೆಟ್ಟಿಲ ಬಳಿ ನಿಂತಿದ್ದೆ. ಬೀದಿಯಲ್ಲಿ ಒಂದು ನಾಯಿ, ನಾನು. ಯಾರೂ ಬಾರದಿದ್ದರೆ? ಇವತ್ತು ಬೇರೆ ಕಡೆ ಸೇರುತ್ತೇವೆ ಎಂದು ಅವರವರಲ್ಲೇ ಹೇಳಿಕೊಂಡಿದ್ದರೆ, ನನಗೆ ಯಾರು ಹೇಳುತ್ತಾರೆ? ಮೇಲೆ ನನ್ನ ಕಿಟಕಿ ಕಂಡಿತು. ಕೆಳಗಿನಿಂದ ಅದು ಎಷ್ಟು ಚಿಕ್ಕದು ಎಂದು ಅವತ್ತೇ ಗೊತ್ತಾದದ್ದು. ಅಲ್ಲಿ ಒಬ್ಬಳು ನಿಂತಿದ್ದರೆ ಇವರಿಗೆ ಕಾಣುವ ಹಾಗೇ ಇರಲಿಲ್ಲ. ಗಂಟಲು ಹಿಡಿಯದಿರಲಿ ಎಂದು ನಾಯಿಯ ಹತ್ತಿರ ಮಾತಾಡಿದೆ. ಅದು ನಾಲ್ಕು ಮಾತು ಕೇಳಿಸಿಕೊಂಡು ಎದ್ದುಹೋಯಿತು.

ಬಂದರು. ಒಬ್ಬೊಬ್ಬರಾಗಿ ಬಂದರು. ಹಳದಿ ಹೆಲ್ಮೆಟ್ಟು ನನ್ನನ್ನು ಕಂಡು, "ಹೋದ ವಾರ ಅರ್ಧದಲ್ಲೇ ವಾಪಸ್ ಹೋದ್ಯಾ? ಒಂದು ಮಾತು ಹೇಳಿ ಹೋಗ್ಬಾರ್ದಾ?" ಎಂದರು. ಹೇಳುವುದು ಬೇಕಾದಷ್ಟಿತ್ತು. ನುಂಗಿಕೊಂಡೆ. ಇವತ್ತು ಗಂಟಲನ್ನು ಬೇರೆ ಕೆಲಸಕ್ಕೆ ಉಳಿಸಿಕೊಳ್ಳಬೇಕಿತ್ತು.

ಸಾಲು ನಿಲ್ಲುವಾಗ ನಾನು ಎಲ್ಲರಿಗಿಂತ ಮುಂದೆ ಹೋಗಿ ನಿಂತೆ.

"ಅಲ್ಲಮ್ಮ, ಹೊಸಬರು ಹಿಂದೆ."

"ಇವತ್ತು ಇಲ್ಲೇ ನಿಂತ್ಕೋತೀನಿ. ನಮ್ಮ ಅಕ್ಕ ಹೇಳಿದ್ದಾಳೆ."

ಹಳದಿ ಹೆಲ್ಮೆಟ್ಟು ಬಾಯಿ ತೆರೆದವರು, ಏನನ್ನಿಸಿತೋ, ನಕ್ಕು ನನ್ನ ಹಿಂದೆ ಸರಿದು ನಿಂತರು. ಎರಡೂ ಹಿಮ್ಮಡಿ ಊರಿದೆ. ನೆಲ ಅಲ್ಲೇ ಇತ್ತು.

"ಒಂದು!" ಎಂದೆ. ಎದುರಿನ ಗೋಡೆಗೆ ಬಡಿದು ವಾಪಸ್ ಬರುವಷ್ಟು ಜೋರಾಗಿ ಬಂತು. ಆಮೇಲೆ ಒಂದು ಕ್ಷಣ ಏನೂ ಇಲ್ಲ. ಆ ಕ್ಷಣದಲ್ಲಿ ನಾನು ಮತ್ತೆ ಸೇತುವೆಯ ಬುಡದಲ್ಲಿದ್ದೆ.

"ಎರಡು," ಎಂದರು ಬೆನ್ನ ಹಿಂದೆ.

ಮೂರು, ನಾಲ್ಕು, ಅಂಕಿಗಳು ನನ್ನಿಂದ ದೂರ ದೂರ ಹೋಗುತ್ತಾ ಹೋದವು. ಉದ್ದ ಕುತ್ತಿಗೆಯವರು ಹತ್ತು ಎಂದರು, ಎಂದು, ತಾವೇ ಯಾಕೋ ತಡೆದರು. ಮೀಸೆ ಅಂಕಲ್ಲು ಹತ್ತು ಎಂದು ಗುಡುಗಲು ಎದೆ ತುಂಬಿಕೊಂಡವರು ಬಾಯಿ ತೆರೆದು ಹಾಗೇ ನಿಂತರು.

"ಹನ್... ಹನ್ನೊಂದು. ಬಾಲ."

"ಹನ್ನೊಂದಾ?" ಸಾಲಿನ ಮಧ್ಯದಿಂದ ಯಾರೋ ಕೇಳಿದರು. "ನಾವು ಹತ್ತಲ್ವಾ? ಯಾರು ಜಾಸ್ತಿ?"

ನಾನು ತಿರುಗಿ ಕೈ ಎತ್ತಿದೆ.

"ನಾನು," ಎಂದೆ. ಬಾಲದವರೆಗೂ ಕೇಳಿಸಿತು.